ಮೊದಲು ಇಳಿಯುವ ಮೀನು



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಒಂದು ಮೀನಿನ ತೊಟ್ಟಿಯ ಬಗ್ಗೆ. ನಗಬೇಡಿ, ಕೊನೆತನಕ ಓದಿ.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಕಡಲ ಮೀನು ಸಾಕಲು ತೊಟ್ಟಿ ಕೊಡಿಸುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದೆ. ಕಳೆದ ತಿಂಗಳು ಇಬ್ಬರೂ ಅಂಗಡಿಗೆ ಹೋದೆವು. ನೂರು ಲೀಟರಿನ ಗಾಜಿನ ತೊಟ್ಟಿ, ನೀರು ಆಡಿಸುವ ಪಂಪು, ಉಪ್ಪಿನಂಶ ಅಳೆಯುವ ಉಪಕರಣ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸುವ ಕಿಟ್ ತೆಗೆದುಕೊಂಡೆವು. ಲೀಟರಿಗೆ ಸುಮಾರು 35 ಗ್ರಾಂನಂತೆ ಮೂರೂವರೆ ಕೆಜಿ ಉಪ್ಪು. ಅಡುಗೆ ಉಪ್ಪು ನಡೆಯದು, ತೊಟ್ಟಿಗೆಂದೇ ತಯಾರಿಸಿದ್ದು ಬೇಕು. ಮಗನ ಕಣ್ಣೆಲ್ಲ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನಿನ ಮೇಲೆ.

“ಅದನ್ನ ಈಗಲೇ ಬಿಡಬೇಡಿ ಮೇಡಂ, ಹೊಸ ನೀರಲ್ಲಿ ಉಳಿಯಲ್ಲ,” ಎಂದರು ಅಂಗಡಿಯವರು. “ಮೊದಲು ಈ ನೀಲಿ ಡ್ಯಾಮ್ಸೆಲ್ ನಾಲ್ಕು ಬಿಡಿ. ಅಗ್ಗ, ಗಟ್ಟಿ ಜೀವ. ನೀರು ಪಳಗುತ್ತೆ. ಒಂದೆರಡು ಸತ್ತರೂ ನಷ್ಟ ಇಲ್ಲ.”

ಮೀನು ಹೊರಬಿಡುವ ಅಮೋನಿಯಾ ಮೀನಿಗೇ ವಿಷ. ಅದನ್ನು ನೈಟ್ರೈಟ್ ಆಗಿ, ಮುಂದೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಅಗ್ಗದ ಮೀನು ಕಿವಿರು ಸುಟ್ಟುಕೊಂಡು ಉಸಿರಾಡಬೇಕು, ಹಿಂದೆ ಬರುವ ದುಬಾರಿ ಮೀನಿಗಾಗಿ.

ನನಗೆ ಅಪ್ಪ ನೆನಪಾದರು. ಅವರು ಪೌರಕಾರ್ಮಿಕರು. ಮ್ಯಾನ್‌ಹೋಲಿನ ಮುಚ್ಚಳ ತೆಗೆದರೆ ಮೊದಲು ಇಳಿಯುವವರು ನಮ್ಮ ಕೇರಿಯವರೇ. “ಗಟ್ಟಿ ಆಳು, ಏನೂ ಆಗಲ್ಲ, ಇಳಿಯೋ,” ಎನ್ನುತ್ತಿದ್ದನಂತೆ ಮೇಸ್ತ್ರಿ. ಅಪ್ಪ ಮೇಲೆ ಬಂದರು. ಅವರ ಜೊತೆಗಾರರೊಬ್ಬರು ಬರಲಿಲ್ಲ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಸಾವಿನ ಸುದ್ದಿ ನಿಂತಿಲ್ಲ.

ಮನುಷ್ಯರನ್ನು ಮೀನಿಗೆ ಹೋಲಿಸುತ್ತಿಲ್ಲ, ಬಂಧುಗಳೇ. ದನಕರು ನೀರು ಕುಡಿಯುತ್ತಿದ್ದ ಮಹಾಡದ ಚವದಾರ್ ಕೆರೆಯನ್ನು ನಾವು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಅಲ್ಲಿ ನೀರು ಕುಡಿದು ನಾವೂ ಮನುಷ್ಯರೆಂದು ಸಾರಿದರು. ಅದನ್ನು ಮರೆಯಲಾರೆ. ನಾನು ಹೋಲಿಸುತ್ತಿರುವುದು ಆ ಎರಡು ಮಾತುಗಳನ್ನು. “ಗಟ್ಟಿ ಜೀವ” ಎಂದು ಹೊಗಳುತ್ತಲೇ ವಿಷಕ್ಕೆ ಇಳಿಸುವ ಮಾತು ನಮಗೆ ಹಳೆಯ ಪರಿಚಯ. ಅದೇ ಮಾತಿಗೆ ಅವತ್ತು ದುಡ್ಡು ಕೊಡುವವಳು ನಾನಾಗಿದ್ದೆ.

ಡ್ಯಾಮ್ಸೆಲ್ ಬೇಡವೆಂದೆ. ವಿಚಾರಿಸಿದಾಗ ದಾರಿ ಸುಲಭವೇ ಇತ್ತು. ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾ ಅದರಲ್ಲೇ ಬೆಳೆಯುತ್ತದೆ. ಯಾವ ಜೀವವೂ ಬೇಯಬೇಕಿಲ್ಲ. ಬೇಕಾದದ್ದು ನಮ್ಮ ತಾಳ್ಮೆ ಮಾತ್ರ. ಕ್ಲೌನ್ ಮೀನನ್ನೂ ಕಡಲಿನಿಂದ ಹಿಡಿದು ತರಬೇಕಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ. ಅಂಥ ಮರಿಗಳನ್ನೇ ಕೇಳಿ ತರುವುದೆಂದು ತೀರ್ಮಾನಿಸಿದೆವು.

“ಅಮ್ಮಾ, ಸಾಕೋದೇ ತಪ್ಪಲ್ವಾ?” ಎಂದ ಮಗ, ಮೊನ್ನೆ ಪಂಚಶೀಲ ಹೇಳಿ ಎದ್ದ ಮೇಲೆ. ಜೀವಿಗಳ ವ್ಯಾಪಾರ ಉಪಾಸಕರಿಗೆ ಸಲ್ಲದೆಂದು ಭಗವಾನರು ಹೇಳಿದ್ದಾರೆ, ಕೊಳ್ಳುವವರಿಲ್ಲದೆ ವ್ಯಾಪಾರವಿಲ್ಲ. ಅವನ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಕೊಟ್ಟ ಮಾತೂ ಇದೆ. ಕಾಯುವ ವಾರಗಳಲ್ಲಿ ಇಬ್ಬರೂ ಯೋಚಿಸೋಣ ಎಂದಿದ್ದೇನೆ.

ಈಗ ಐದನೆಯ ವಾರ. ಸಂಜೆ ಅವನು ನೀರಿಗೆ ಹನಿ ಹಾಕಿ ಬಣ್ಣ ನೋಡುತ್ತಾನೆ. ಅಮೋನಿಯಾ ಸೊನ್ನೆಗೆ ಬಂದಿದೆ, ನೈಟ್ರೈಟ್ ಇನ್ನೂ ಇದೆ. ತೊಟ್ಟಿ ಖಾಲಿಯೇ.

ಇಂದಿನ ಅಭ್ಯಾಸ: ನಮ್ಮ ಮನೆ, ಶಾಲೆ, ಕಚೇರಿಯ ಅನುಕೂಲಕ್ಕಾಗಿ ಮೊದಲು ಇಳಿಯುತ್ತಿರುವವರು ಯಾರು? ಒಬ್ಬರನ್ನಾದರೂ ಗುರುತಿಸೋಣ. ಅವರ ಬದಲು ನಾವು ಕಾಯಬಹುದೇ ಎಂದು ಕೇಳಿಕೊಳ್ಳೋಣ.

ಸಾಧು, ಸಾಧು, ಸಾಧು. ಜೈ ಭೀಮ್.