ದಯಾಧರ್ಮದ ಎಲ್ಲೆ



‘ನಾವು ಮಾಂಸವನ್ನು ಮುಟ್ಟುವವರಲ್ಲ, ಹಿಂಸೆಯ ದೋಷ ನಮಗೆಲ್ಲಿಯದು?’ ಎಂದು ಅನೇಕ ಗೃಹಸ್ಥರು ಸಮಾಧಾನ ತಾಳುವುದುಂಟು. ಆ ಸಮಾಧಾನವನ್ನು ಇಂದು ಒಂದು ಹಕ್ಕಿಯ ಮುಂದಿಟ್ಟು ನೋಡೋಣ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಎರೆಹೊಲಗಳ ಹಿರಿಯರು ಎರೆಭೂತವೆಂಬ ಹಕ್ಕಿಯನ್ನು ಬಲ್ಲರು. ಮೂರಡಿಯ ನಿಲುವು, ಗಂಡು 15 ಕಿಲೋವರೆಗೂ ತೂಗುವುದು. ಹೆಣ್ಣು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದನ್ನು ಮೊದಲನೆಯ ಪರಿಶಿಷ್ಟದಲ್ಲಿರಿಸಿ ಬೇಟೆಯನ್ನು ನಿಷೇಧಿಸಿದೆ. 1974ರಲ್ಲಿ ಸ್ಥಾಪಿತವಾದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗದೊಡನೆ ಇದಕ್ಕೂ ಆಶ್ರಯವಿತ್ತು. ಆದರೆ ಹುಲ್ಲುಬಯಲನ್ನು ಬಂಜರೆಂದು ಬಗೆದು ನೀಲಗಿರಿ ನೆಟ್ಟ ನೆಲದಲ್ಲಿ ಬಯಲ ಹಕ್ಕಿಗೆ ಬಾಳುವೆಯೆಲ್ಲಿ? ಅಲ್ಲಿಂದ ಅದು ಕಾಣೆಯಾಯಿತು. ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಕಂಡುಬಂದಿವೆ. ಉಳಿದ ಹೆಚ್ಚಿನವೆಲ್ಲ ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ.

ಆ ಮರುಭೂಮಿಯಲ್ಲಿಯೇ ಈಗ ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತು ಉತ್ಪತ್ತಿಯಾಗುತ್ತಿದೆ. ಅದನ್ನು ಒಯ್ಯುವ ತಂತಿಗಳು ಬಯಲ ತುಂಬ ಹಬ್ಬಿವೆ. ಈ ಹಕ್ಕಿಗೆ ಇಕ್ಕೆಲದ ನೋಟ ಚೆನ್ನಾಗಿದೆ, ನೇರ ಮುಂದಿನ ನೋಟ ಮಂದ. ತಂತಿ ಕಂಡಾಗ ಭಾರವಾದ ಮೈಯನ್ನು ತಿರುಗಿಸಲು ಹೊತ್ತು ಸಾಲದು. ಬೇಟೆಗಾರನನ್ನು ಹಿಡಿಯುವುದು ಕಾಯಿದೆಗೆ ಬರುತ್ತದೆ. ತಂತಿಯನ್ನು ಸೆರೆಗೆ ಹಾಕುವವರಾರು?

2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ರಾಜಸ್ಥಾನ ಹಾಗೂ ಗುಜರಾತಿನಲ್ಲಿ ಈ ಹಕ್ಕಿಯ ನೆಲೆಗಳ ತಂತಿಗಳನ್ನು ಸಾಧ್ಯವಿದ್ದಲ್ಲಿ ಭೂಮಿಯೊಳಗಿಳಿಸಬೇಕೆಂದು ಆಜ್ಞಾಪಿಸಿತು. ವೆಚ್ಚ ವಿಪರೀತ, ಭಾರಿ ಒತ್ತಡದ ತಂತಿಗೆ ಅದು ಕಷ್ಟ, ಕಲ್ಲಿದ್ದಲನ್ನು ಬಿಡಲು ಈ ವಿದ್ಯುತ್ತು ಬೇಕೇಬೇಕು ಎಂದು ಕೇಂದ್ರ ಸರ್ಕಾರ ಅರಿಕೆ ಮಾಡಿಕೊಂಡಿತು. 2024ರ ಮಾರ್ಚಿನಲ್ಲಿ ನ್ಯಾಯಾಲಯವು ಸುಮಾರು 99,000 ಚದರ ಕಿಲೋಮೀಟರಿಗೆ ಅನ್ವಯಿಸಿದ್ದ ಆ ಕಟ್ಟಳೆಯನ್ನು ಸಡಿಲಿಸಿ, ತಂತಿ ಎಲ್ಲೆಲ್ಲಿ ನೆಲಕ್ಕಿಳಿಯಬೇಕೆಂಬುದನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹವಾಮಾನ ವೈಪರೀತ್ಯದ ಕೇಡಿನಿಂದ ಪಾರಾಗುವುದು ಪ್ರಜೆಗಳ ಹಕ್ಕೆಂದೂ ಸಾರಿತು.

ಇಲ್ಲಿ ದುಷ್ಟನೆಂದು ಯಾರನ್ನು ತೋರಿಸೋಣ? ಕಲ್ಲಿದ್ದಲ ಹೊಗೆ ತಗ್ಗಿಸುವುದೂ ಜೀವದಯೆಯೇ. ಸಿರುಗುಪ್ಪದ ರೈತನು ತನ್ನ ಹೊಲಕ್ಕೆ ನೀರು ಬಯಸುವುದೂ ತಪ್ಪಲ್ಲ, ಅದೂ ಕಾಯಕ. ಕೊಲ್ಲಬೇಕೆಂಬ ಮನಸ್ಸು ಯಾರಿಗೂ ಇಲ್ಲದೆಯೇ ಒಂದು ಕುಲ ಅಳಿಯುತ್ತಿದೆ ಎಂಬುದೇ ಭಯಂಕರವಾದದ್ದು. ನಮ್ಮ ಪೂಜೆಯ ಕೋಣೆಯ ದೀಪವೂ ಇಂಥದೊಂದು ತಂತಿಯ ತುದಿಯಲ್ಲಿ ಉರಿಯುತ್ತಿರುವಾಗ, ಬಾಯಿಯ ವ್ರತವೊಂದೇ ಅಹಿಂಸೆಯಾಗಲಾರದು.

ತಂತಿಯನ್ನು ನೆಲಕ್ಕಿಳಿಸುವ ವೆಚ್ಚ ಕೊನೆಗೆ ವಿದ್ಯುತ್ತಿನ ಬಿಲ್ಲಿನಲ್ಲಿಯೇ ಬಂದೀತು. ಜಂಗಮಕ್ಕೆ ನೀಡುವಾಗ ಲೆಕ್ಕವಿಡದ ಕೈ ಅಲ್ಲಿ ಏಕೆ ಹಿಂಜರಿಯಬೇಕು? 2019ರಿಂದ ರಾಜಸ್ಥಾನದಲ್ಲಿ ಬಯಲಿನ ಮೊಟ್ಟೆಗಳನ್ನು ತಂದು, ಕಾವು ಕೊಟ್ಟು, ಮರಿಗಳನ್ನು ಸಾಕುತ್ತಿದ್ದಾರೆ. ಆ ಮರಿಗಳು ಹಾರಬೇಕಾದದ್ದು ಈ ತಂತಿಗಳ ನಡುವೆಯೇ.