ಯಾರಿಗೂ ಬೇಡವಾದ ಚಿತ್ರಕ್ಕೆ ಕಾಯುವವರು



ಅಮೆರಿಕದಲ್ಲಿ ಕ್ರೈಟೀರಿಯನ್ ಎಂಬ ಸಂಸ್ಥೆಯೊಂದಿದೆ. ಹಳೆಯ ಚಲನಚಿತ್ರಗಳ ಒಳ್ಳೆಯ ಪ್ರತಿಗಳನ್ನು ಹುಡುಕಿ, ಶುದ್ಧಗೊಳಿಸಿ, ಮನೆಯಲ್ಲಿ ಕುಳಿತು ನೋಡಲು ಡಿಸ್ಕ್ ರೂಪದಲ್ಲಿ ಹೊರತರುವ ಕೆಲಸವನ್ನು ಅದು 1984ರಿಂದ ಮಾಡುತ್ತಿದೆ. ಹೊಸ ವರ್ಷದ ಹೊತ್ತಿಗೆ ಒಂದು ರೇಖಾಚಿತ್ರವನ್ನು ಪ್ರಕಟಿಸುವುದು ಅದು ಬೆಳೆಸಿಕೊಂಡ ವಾಡಿಕೆ. ಮುಂದೆ ಯಾವ ಯಾವ ಚಲನಚಿತ್ರಗಳು ಬರಲಿವೆ ಎಂಬ ಸುಳಿವು ಆ ಗೆರೆಗಳಲ್ಲಿ ಒಗಟಿನಂತೆ ಅಡಗಿರುತ್ತದೆ. ಅದನ್ನು ಬಿಡಿಸಲು ಸಾವಿರಾರು ಸಂಗ್ರಾಹಕರು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. "ನಾನು ಇಪ್ಪತ್ತು ವರ್ಷಗಳಿಂದ ಕಾಯುತ್ತಿರುವ ಚಿತ್ರ ಈ ಸಲವಾದರೂ ಬರುವುದೇ?" ಎಂಬುದೇ ಅವರ ಪ್ರಶ್ನೆ.

ಇದನ್ನು ಕೇಳಿ ನಿಮಗೆ ನಗು ಬರಬಹುದು. ಬದುಕಿನಲ್ಲಿ ಚಿಂತಿಸಲು ಇಷ್ಟೆಲ್ಲ ಇರುವಾಗ, ಯಾರೂ ನೋಡದೆ ಬಿಟ್ಟ ಹಳೆಯ ಸಿನಿಮಾಕ್ಕಾಗಿ ಕಾಯುವುದು ಉಳ್ಳವರ ಹುಚ್ಚಲ್ಲವೇ? ಹಾಗೆಂದು ಕೂಡಲೇ ತೀರ್ಪು ಕೊಡಬೇಡಿ. ಹೀಗೆ ಕಾದು ಪಡೆದ ಒಂದು ಚಿತ್ರದ ಕಥೆಯನ್ನು ಮೊದಲು ಕೇಳಿ. ಅದು ನಿಮ್ಮ ಮನೆಯ ಕಥೆಯೂ ಆಗಿರಬಹುದು.

ಐವರು ಮಕ್ಕಳು, ಇಬ್ಬರು ಮುದುಕರು

1937ರಲ್ಲಿ ಹಾಲಿವುಡ್ಡಿನ ಪ್ಯಾರಾಮೌಂಟ್ ಸ್ಟುಡಿಯೋದಿಂದ 'ಮೇಕ್ ವೇ ಫಾರ್ ಟುಮಾರೋ' ಎಂಬ ಚಿತ್ರ ಹೊರಬಂತು. ನಿರ್ದೇಶಕ ಲಿಯೋ ಮೆಕ್ಯಾರಿ. ತಂದೆತಾಯಿಯರನ್ನು ಗೌರವಿಸಬೇಕೆಂಬ ದೇವರ ಆಜ್ಞೆಯನ್ನು ನೆನಪಿಸುತ್ತಲೇ ಚಿತ್ರ ಆರಂಭವಾಗುತ್ತದೆ. ಸಾಲ ತೀರಿಸಲಾಗದೆ ವೃದ್ಧ ದಂಪತಿಯ ಮನೆ ಬ್ಯಾಂಕಿನ ಪಾಲಾಗಿದೆ. ಅವರಿಗೆ ಐವರು ಮಕ್ಕಳು. ಆದರೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವಷ್ಟು ಅನುಕೂಲ ಯಾರಿಗೂ ಇಲ್ಲ. ತಾಯಿ ನ್ಯೂಯಾರ್ಕಿನ ಮಗನ ಮನೆಗೆ, ತಂದೆ ದೂರದ ಊರಿನ ಮಗಳ ಮನೆಗೆ ಹೋಗುತ್ತಾರೆ. ಐವತ್ತು ವರ್ಷ ಜೊತೆಯಾಗಿ ಬಾಳಿದವರು ಫೋನಿನಲ್ಲಿ, ಪತ್ರದಲ್ಲಿ ಮಾತಾಡಬೇಕಾಗುತ್ತದೆ.

ಇದರಲ್ಲಿ ದುಷ್ಟರು ಯಾರೂ ಇಲ್ಲ. ಸೊಸೆ ಸಂಸಾರದ ಖರ್ಚಿಗೆ ನೆರವಾಗಲೆಂದು ಮನೆಯಲ್ಲೇ ಇಸ್ಪೀಟಿನ ಬ್ರಿಡ್ಜ್ ಆಟ ಕಲಿಸುತ್ತಾಳೆ. ಅತ್ತೆ ನಡುವೆ ಬಂದು ಕುಳಿತರೆ ಅವಳಿಗೆ ಮುಜುಗರ. ಮೊಮ್ಮಗಳಿಗೆ ತನ್ನ ಗೆಳೆಯರನ್ನು ಮನೆಗೆ ಕರೆತರಲು ಸಂಕೋಚ. ಮಗ ಒಳ್ಳೆಯವನೇ, ಆದರೆ ದುರ್ಬಲ. ಕೊನೆಗೆ ತಾಯಿಯನ್ನು ವೃದ್ಧಾಶ್ರಮಕ್ಕೆ ಕಳುಹಿಸಬೇಕೆಂಬ ಯೋಚನೆ ಹುಟ್ಟುತ್ತದೆ. ಅಲ್ಲಿಂದ ಬಂದ ಪತ್ರ ತಾಯಿಯ ಕಣ್ಣಿಗೆ ಬೀಳುತ್ತದೆ. ಮಗ ಹೇಗೆ ಹೇಳುವುದೆಂದು ತಡವರಿಸುತ್ತಿರುವಾಗ ಆಕೆಯೇ ಮುಂದಾಗಿ, ತನಗೆ ಅಲ್ಲಿಗೆ ಹೋಗುವ ಆಸೆಯೆಂದು ಹೇಳಿಬಿಡುತ್ತಾಳೆ. ಮಗನಿಗೆ ಅವಮಾನವಾಗಬಾರದಲ್ಲ! ಈ ಸಂಗತಿ ಗಂಡನಿಗೆ ಮಾತ್ರ ತಿಳಿಯಕೂಡದು ಎಂದು ಅವನಿಂದ ಮಾತು ಪಡೆಯುತ್ತಾಳೆ. ಅತ್ತ ತಂದೆಯನ್ನು ಕ್ಯಾಲಿಫೋರ್ನಿಯದ ಮಗಳಲ್ಲಿಗೆ ಕಳುಹಿಸುವ ಏರ್ಪಾಡಾಗಿದೆ. ರೈಲು ನಿಲ್ದಾಣದಲ್ಲಿ ಇಬ್ಬರೂ ಬೀಳ್ಕೊಳ್ಳುತ್ತಾರೆ. ಮತ್ತೆ ಭೇಟಿಯಾಗುವ ಸಂಭವವಿಲ್ಲವೆಂದು ನಮಗೂ ಗೊತ್ತು, ಅವರಿಗೂ ಗೊತ್ತು.

ಸ್ಟುಡಿಯೋದ ಮುಖ್ಯಸ್ಥರು ಸುಖಾಂತ್ಯ ಬಯಸಿದರು. ಮೆಕ್ಯಾರಿ ಒಪ್ಪಲಿಲ್ಲ. ಚಿತ್ರ ಸೋತಿತು, ಪ್ಯಾರಾಮೌಂಟಿನಲ್ಲಿ ಅವರ ಕೆಲಸವೂ ಮುಗಿಯಿತು. ಅದೇ ವರ್ಷ ಬೇರೆ ಸ್ಟುಡಿಯೋಗೆ ಮಾಡಿದ 'ದಿ ಆಫುಲ್ ಟ್ರೂತ್' ಎಂಬ ಹಾಸ್ಯಚಿತ್ರಕ್ಕೆ ಆಸ್ಕರ್ ಬಂದಾಗ, ತಪ್ಪು ಚಿತ್ರಕ್ಕೆ ಪ್ರಶಸ್ತಿ ಕೊಟ್ಟಿರಿ ಎಂದು ಅವರು ಹೇಳಿದರು. 1944ರಲ್ಲಿ ಒಬ್ಬ ಕಥೋಲಿಕ ಗುರುವಿನ ಕಥೆಯುಳ್ಳ 'ಗೋಯಿಂಗ್ ಮೈ ವೇ' ಚಿತ್ರದಿಂದ ಅವರಿಗೆ ಎಲ್ಲರ ಪ್ರೀತಿ ದೊರೆಯಿತು. ಮುದುಕರಿಬ್ಬರ ಕಥೆ ಮಾತ್ರ ಮೂಲೆ ಸೇರಿತು.

ಬೀಗ ಯಾರ ಕೈಯಲ್ಲಿದೆ?

ಸ್ಟುಡಿಯೋ ಚಿತ್ರ ಅದನ್ನು ಮಾಡಿದವನ ಸ್ವತ್ತಲ್ಲ. ಅದು ಕಂಪನಿಯ ಆಸ್ತಿ. ಕಂಪನಿ ಮಾರಿದರೆ ಅದೂ ಮಾರಾಟವಾಗುತ್ತದೆ. ಪ್ಯಾರಾಮೌಂಟ್ 1958ರಲ್ಲಿ ತನ್ನ ಸುಮಾರು 700 ಹಳೆಯ ಮಾತಿನ ಚಿತ್ರಗಳನ್ನು ಒಟ್ಟಾಗಿ ಎಂಸಿಎ ಕಂಪನಿಗೆ ಮಾರಿತು. ಆ ಕಂಪನಿ ಮುಂದೆ ಯೂನಿವರ್ಸಲ್ ಸ್ಟುಡಿಯೋವನ್ನು ಕೊಂಡಿತು. ಹೀಗೆ ನಮ್ಮ ಮುದುಕರ ಚಿತ್ರವೂ ಮನೆ ಬದಲಾಯಿಸಿತು. ಹೊಸ ಒಡೆಯರಿಗೆ ಅದರ ಮೇಲೆ ದ್ವೇಷವೇನೂ ಇರಲಿಲ್ಲ. ಒಂದು ಹಳೆಯ ಚಿತ್ರವನ್ನು ಶುಚಿಗೊಳಿಸಿ ಡಿಸ್ಕ್ ಮಾಡಲು ಹಣ ಬೇಕು; ಕೊಳ್ಳುವವರು ಕೆಲವೇ ಸಾವಿರ ಮಂದಿ. ಲೆಕ್ಕ ಕೂಡಿಬರುವುದಿಲ್ಲ, ಅಷ್ಟೇ.

ಓದುಗರೇ, ಆ ಐವರು ಮಕ್ಕಳು ಹೇಳಿದ್ದೂ ಇದನ್ನೇ ಅಲ್ಲವೇ? "ಪ್ರೀತಿಯಿಲ್ಲವೆಂದಲ್ಲ, ಜಾಗವಿಲ್ಲ."

ಈ ಉಪೇಕ್ಷೆಯ ಬೆಲೆ ಸಣ್ಣದಲ್ಲ. ಅದೇ 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿ ಎಂಬಲ್ಲಿ ಫಾಕ್ಸ್ ಸ್ಟುಡಿಯೋದ ದಾಸ್ತಾನಿಗೆ ಬೆಂಕಿ ಬಿದ್ದು ಅದರ ಬಹುಪಾಲು ಮೂಕಿಚಿತ್ರಗಳು ಸುಟ್ಟುಹೋದವು. ಅಮೆರಿಕದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಶೇಕಡಾ 70ರಷ್ಟು ಪೂರ್ತಿಯಾಗಿ ನಾಶವಾಗಿವೆ ಎಂದು ಆ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿತು. ನಮ್ಮಲ್ಲೂ ಅಷ್ಟೇ: 1934ರಲ್ಲಿ ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ಇವುಗಳಲ್ಲಿ ಬಹಳಷ್ಟನ್ನು ಯಾರೂ ಬೇಕೆಂದು ಕೆಡಿಸಲಿಲ್ಲ. ಇನ್ನು ಇವುಗಳಿಂದ ಲಾಭವಿಲ್ಲವೆಂದು ಕೈಬಿಟ್ಟರು. ಉಳಿದ ಕೆಲಸವನ್ನು ಕಾಲ ಮಾಡಿತು.

ಆದುದರಿಂದ ಕಾಯುವವರನ್ನು ನಗಬೇಡಿ. ವ್ಯಾಪಾರಿ ಬೇಡವೆಂದ ಮಾತ್ರಕ್ಕೆ ಒಂದು ವಸ್ತುವಿನ ಬೆಲೆ ತೀರಿತು ಎಂಬುದನ್ನು ಅವರು ಒಪ್ಪುವುದಿಲ್ಲ. ಇದು ಒಂದು ನೈತಿಕ ನಿಲುವು. 'ಮೇಕ್ ವೇ ಫಾರ್ ಟುಮಾರೋ' ಚಿತ್ರವನ್ನು ಮರೆಯದವರು ಕೆಲವರಾದರೂ ಇದ್ದರು. ಜಪಾನಿನ ಓಜು 1953ರಲ್ಲಿ 'ಟೋಕಿಯೋ ಸ್ಟೋರಿ' ಮಾಡಿದಾಗ ಸಹಲೇಖಕ ಕೋಗೋ ನೋಡಾ ಇದರಿಂದಲೇ ಪ್ರೇರಣೆ ಪಡೆದಿದ್ದರು. ಕೊನೆಗೆ 2010ರ ಫೆಬ್ರವರಿಯಲ್ಲಿ, ಹುಟ್ಟಿ 73 ವರ್ಷಗಳ ಬಳಿಕ, ಕ್ರೈಟೀರಿಯನ್ ಅದರ ಡಿವಿಡಿ ತಂದಿತು. ಅದೇ ವರ್ಷದ ಕೊನೆಗೆ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಅದು ಸೇರಿತು.

ಪ್ರೀತಿಯೋ, ದುರಾಸೆಯೋ?

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಟ್ವೈಲೈಟ್ ಟೈಮ್ ಎಂಬ ಸಣ್ಣ ಸಂಸ್ಥೆಯೊಂದು 2011ರಿಂದ 2020ರವರೆಗೆ, ಸ್ಟುಡಿಯೋಗಳು ಬದಿಗಿಟ್ಟ ಚಿತ್ರಗಳ ಹಕ್ಕನ್ನು ಪಡೆದು, ಸಾಮಾನ್ಯವಾಗಿ 3,000 ಪ್ರತಿಗಳನ್ನು ಮಾತ್ರ ಮಾಡಿ ಮಾರಿತು. ಇಷ್ಟು ಕಡಿಮೆ ಪ್ರತಿಗಳೆಂಬ ಮಿತಿಯಿಲ್ಲದಿದ್ದರೆ ಆ ಚಿತ್ರಗಳಲ್ಲಿ ಅನೇಕವು ಬರುತ್ತಲೇ ಇರಲಿಲ್ಲವೇನೋ. ಆದರೆ ಅದೇ ಮಿತಿ ಕೆಲವರ ಮನಸ್ಸನ್ನು ಕೆಡಿಸಿತು. ಪ್ರತಿಗಳು ಮುಗಿದ ಮೇಲೆ ಎರಡು ಪಟ್ಟು, ಮೂರು ಪಟ್ಟು ಬೆಲೆಗೆ ಮಾರುವವರು ಹುಟ್ಟಿಕೊಂಡರು. ಮೇಲಿನ ಹೊದಿಕೆಯನ್ನೂ ಬಿಚ್ಚದೆ ಕಪಾಟಿನಲ್ಲಿ ಜೋಡಿಸಿಡುವವರೂ ಇದ್ದಾರೆ. ಕಣಜವನ್ನು ಕೆಡವಿ ಇನ್ನೂ ದೊಡ್ಡದನ್ನು ಕಟ್ಟಲು ಹೊರಟ ಧನಿಕನ ಸಾಮತಿ ನಿಮಗೆ ನೆನಪಾಗಬಹುದು. ಅವನ ತಪ್ಪು ಧಾನ್ಯವನ್ನು ಪ್ರೀತಿಸಿದ್ದಲ್ಲ. ಅದು ಯಾರಿಗಾಗಿ ಇದೆ ಎಂಬುದನ್ನು ಮರೆತದ್ದು.

ಹಾಗಾದರೆ ಪ್ರೀತಿಯನ್ನು ದುರಾಸೆಯಿಂದ ಬೇರ್ಪಡಿಸುವುದು ಹೇಗೆ? ಒಂದು ಸರಳ ಪರೀಕ್ಷೆಯಿದೆ. ನೀವು ವರ್ಷಗಟ್ಟಲೆ ಕಾದ ಚಿತ್ರ ನಾಳೆ ಎಲ್ಲರಿಗೂ ಪುಕ್ಕಟೆಯಾಗಿ ಸಿಗುವಂತಾಯಿತು ಎನ್ನಿ. ನಿಮಗೆ ಸಂತೋಷವೋ, ಸಂಕಟವೋ? ಸಂಕಟವಾದರೆ ನೀವು ಪ್ರೀತಿಸಿದ್ದು ಚಿತ್ರವನ್ನಲ್ಲ, ಅದು ಪಕ್ಕದವನ ಬಳಿ ಇಲ್ಲ ಎಂಬುದನ್ನು.

ಇಂಥದೊಂದು ಘಟನೆ ನಿಜವಾಗಿ ನಡೆಯಿತು. ಫ್ರಾಂಕ್ ಕಾಪ್ರಾ ಅವರ 'ಇಟ್ಸ್ ಎ ವಂಡರ್‌ಫುಲ್ ಲೈಫ್' 1946ರಲ್ಲಿ ಬಂದಾಗ ಹಾಕಿದ ಹಣ ಹುಟ್ಟಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸಲು ಸಂಬಂಧಪಟ್ಟವರು ಮರೆತರು. ಚಿತ್ರ ಅನಾಥವಾಯಿತು. ಹಣ ಕೊಡಬೇಕಾಗಿಲ್ಲವೆಂದು ಅಮೆರಿಕದ ಟಿ.ವಿ. ಕೇಂದ್ರಗಳು ಪ್ರತಿ ಕ್ರಿಸ್ಮಸ್‌ಗೂ ಅದನ್ನೇ ತೋರಿಸಿದವು. ಜನ ನೋಡಿದರು, ಅತ್ತರು, ಮಕ್ಕಳಿಗೂ ತೋರಿಸಿದರು. ಒಡೆಯನಿದ್ದಾಗ ಮೂಲೆಯಲ್ಲಿದ್ದದ್ದು ಒಡೆಯನಿಲ್ಲದಾಗ ಎಲ್ಲರದಾಯಿತು. 1995ರಲ್ಲಿ ವ್ಯಾಟಿಕನ್ ಹೊರಡಿಸಿದ 45 ಮಹತ್ವದ ಚಿತ್ರಗಳ ಪಟ್ಟಿಯಲ್ಲಿ ಅದೂ ಇತ್ತು. ಆದರೆ ಆ ಕಾಲದಲ್ಲಿ ಓಡಾಡಿದ ಪ್ರತಿಗಳಲ್ಲಿ ಎಷ್ಟೋ ಮಾಸಿದವು, ಗೀರುಬಿದ್ದವು. ಎಲ್ಲರದೆಂದು ಬಿಟ್ಟುಬಿಟ್ಟರೆ ಸಾಲದು, ಜೋಪಾನ ಮಾಡುವ ಒಬ್ಬನಾದರೂ ಬೇಕು. ಇರುವವನು ಹಂಚಿಕೊಳ್ಳುವವನಾಗಿರಬೇಕು, ಅಷ್ಟೇ.

ಅಪರಿಚಿತರ ದಯೆ

ಈಗ ಕಷ್ಟದ ಪ್ರಶ್ನೆಗೆ ಬರೋಣ. ವೃದ್ಧ ತಂದೆತಾಯಿಯರ ಕಥೆಯುಳ್ಳ ಡಿಸ್ಕಿಗಾಗಿ ಹತ್ತು ವರ್ಷ ಕಾದವನೊಬ್ಬ ತನ್ನ ತಾಯಿಗೆ ತಿಂಗಳಿಗೊಮ್ಮೆಯೂ ಫೋನ್ ಮಾಡದಿರಬಹುದಲ್ಲವೇ? ಖಂಡಿತ ಇರಬಹುದು. ಆ ಚಿತ್ರವೇ ಇದಕ್ಕೆ ಉತ್ತರ ಕೊಡುತ್ತದೆ.

ಅಗಲುವ ಮುನ್ನ ಆ ದಂಪತಿಗೆ ನ್ಯೂಯಾರ್ಕಿನಲ್ಲಿ ಒಂದು ಮಧ್ಯಾಹ್ನ ಸಿಗುತ್ತದೆ. ಕಾರು ಮಾರುವವನೊಬ್ಬ ಅವರನ್ನು ತನ್ನ ಕಾರಿನಲ್ಲಿ ಸುತ್ತಾಡಿಸುತ್ತಾನೆ. ಐವತ್ತು ವರ್ಷಗಳ ಹಿಂದೆ ಮದುವೆಯಾದ ಹೊಸತರಲ್ಲಿ ತಂಗಿದ್ದ ಹೋಟೆಲಿಗೆ ಹೋದರೆ ಅಲ್ಲಿನ ವ್ಯವಸ್ಥಾಪಕ ಆದರದಿಂದ ಮಾತಾಡಿಸುತ್ತಾನೆ. ಅವರು ಕುಣಿಯಲು ನಿಂತು ವೇಗದ ಸಂಗೀತಕ್ಕೆ ಹೆಜ್ಜೆ ಹಾಕಲಾರದೆ ತಬ್ಬಿಬ್ಬಾದಾಗ, ವಾದ್ಯದವರ ನಾಯಕ ಗಮನಿಸಿ, ಅವರ ಕಾಲದ ನಿಧಾನದ ವಾಲ್ಟ್ಸ್ ನುಡಿಸುತ್ತಾನೆ. ಸ್ವಂತ ಮಕ್ಕಳು ಕೊಡದ ಗೌರವವನ್ನು ದಾರಿಹೋಕರು ಕೊಡುತ್ತಾರೆ.

ಎಷ್ಟು ಸುಂದರ! ಆದರೆ ಎಷ್ಟು ಸುಲಭ! ಆ ಅಪರಿಚಿತರು ಕೊಟ್ಟದ್ದು ಒಂದು ಗಂಟೆ. ಹೇಳಿದ ಕಥೆಯನ್ನೇ ನೂರನೆಯ ಸಲ ಕೇಳುವ ಕೆಲಸ, ರಾತ್ರಿ ಕೆಮ್ಮಿದಾಗ ಎದ್ದು ನೀರು ಕೊಡುವ ಕೆಲಸ ಅವರ ಪಾಲಿಗೆ ಬರಲಿಲ್ಲ. ಹಳೆಯ ಚಿತ್ರದ ಮೇಲಿನ ಪ್ರೀತಿಯೂ ಈ ಅಪರಿಚಿತರ ದಯೆಯಂಥದೇ. ಅದು ನಿಜವಾದ ದಯೆ, ಸುಳ್ಳಲ್ಲ. ಆದರೆ ಚಿತ್ರ ನಿಮ್ಮನ್ನು ರಾತ್ರಿ ಎಬ್ಬಿಸುವುದಿಲ್ಲ. ಸಾಕೆನಿಸಿದಾಗ ನಿಲ್ಲಿಸಬಹುದು. ನೆಗೆಟಿವ್ ತಣ್ಣನೆಯ ಕೋಣೆಯಲ್ಲಿ ಎಷ್ಟೋ ವರ್ಷ ಕಾಯಬಲ್ಲದು. ಮನುಷ್ಯರಿಗೆ ನೆಗೆಟಿವ್ ಇಲ್ಲ. ಮರೆತು ಕಳೆದ ವರ್ಷಗಳನ್ನು ಯಾವ ಪ್ರಯೋಗಾಲಯವೂ ಮರಳಿ ಅಚ್ಚುಹಾಕದು.

ಹಾಗಾದರೆ ಕಾಯುವುದನ್ನು ಬಿಟ್ಟುಬಿಡಬೇಕೇ? ಬೇಡ. ಒಂದು ಕಡೆ ಕಲಿತ ಗಮನ ಇನ್ನೊಂದು ಕಡೆಗೂ ಹರಿಯಬಲ್ಲದು. ಅದೇ ಚಿತ್ರದಲ್ಲಿ ಇಸ್ಪೀಟಿನ ತರಗತಿ ನಡೆಯುತ್ತಿರುವಾಗ ಗಂಡನ ಫೋನ್ ಬರುತ್ತದೆ. ತಾಯಿ ಗಟ್ಟಿಯಾಗಿ ಮಾತಾಡುತ್ತಾಳೆ, ಬಂದವರಿಗೆ ಕಿರಿಕಿರಿ. ಆದರೆ ಅವಳು ಗಂಡನಿಗೆ ಬೆಚ್ಚಗೆ ಉಡುಪು ಧರಿಸಿ ಎಂದು, ತಾನು ಚೆನ್ನಾಗಿದ್ದೇನೆಂದು ಹೇಳುವುದನ್ನು ಕೇಳುತ್ತಾ ಕೇಳುತ್ತಾ ಒಬ್ಬೊಬ್ಬರೂ ಎಲೆಗಳನ್ನು ಮರೆತು ಮೌನವಾಗುತ್ತಾರೆ. ಅಡ್ಡಿಯೆನಿಸಿದ ಮುದುಕಿ ಅವರ ಕಣ್ಣಿಗೆ ಮನುಷ್ಯಳಾಗುತ್ತಾಳೆ. ನೋಡುವ ನಮಗೂ ಹಾಗೆಯೇ. ಆ ಚಿತ್ರವನ್ನು ಒಬ್ಬರೂ ಬಯಸದಿದ್ದರೆ ಈ ಪಾಠ ಕತ್ತಲಲ್ಲೇ ಉಳಿಯುತ್ತಿತ್ತು.

ಆದುದರಿಂದ ಸಂಗ್ರಾಹಕ ಮಿತ್ರರೇ, ಕಾಯಿರಿ. ಕಾದದ್ದು ಬಂದಾಗ ಹೊದಿಕೆ ಬಿಚ್ಚಿರಿ, ನಾಲ್ಕು ಜನರನ್ನು ಕರೆದು ಕೂರಿಸಿ ತೋರಿಸಿರಿ. ಉಳಿದ ನಾವು ಸಂಗ್ರಾಹಕರಲ್ಲವೆಂದು ಸಮಾಧಾನಪಡುವ ಹಾಗಿಲ್ಲ. ನಮ್ಮ ಮನೆಯ ಒಳಕೋಣೆಯಲ್ಲಿ, ಇಲ್ಲವೇ ದೂರದ ಹಳ್ಳಿಯಲ್ಲಿ, ಇಲ್ಲವೇ ಒಂದು ಆಶ್ರಮದಲ್ಲಿ, ಯಾರಾದರೂ ಬರುವರೇ ಎಂದು ಕಾಯುತ್ತಿರುವ ಜೀವವೊಂದು ಇರಬಹುದು. ಇವತ್ತು ಸಂಜೆ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಮದುವೆಯ ದಿನ ಏನಾಯಿತೆಂದು ಕೇಳಿ. ನೂರು ಸಲ ಕೇಳಿದ ಕಥೆಯೇ ಆಗಿರಲಿ, ಕೊನೆಯವರೆಗೂ ಕೇಳಿ.