ಮಂದ್ರಕ್ಕೊಂದು ಮನೆ

ಕಾರಿನ ಡಿಕ್ಕಿಯಿಂದ ಬಿಚ್ಚಿದ ಸ್ಪೀಕರನ್ನು ಡಬ್ಬವಿಲ್ಲದೆ ಮೇಜಿನ ಮೇಲಿಟ್ಟು ತಂತಿ ಕೊಟ್ಟರೆ, ಅದರ ಕಪ್ಪು ಕೋನ್ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ತುಯ್ಯುತ್ತದೆ, ರಬ್ಬರಿನ ಅಂಚು ಸುಕ್ಕುಗಟ್ಟಿ ಬಿಚ್ಚಿಕೊಳ್ಳುತ್ತದೆ, ಅಂಗೈ ಚಾಚಿದರೆ ಮೆಲ್ಲನೆ ಗಾಳಿಯೂ ತಾಕುತ್ತದೆ. ಮೃದಂಗದ ಎಡಗೈಯ ಗುಮಕಿ ಮಾತ್ರ ಕೇಳಿಸುವುದಿಲ್ಲ. ಕೋನ್ ಮುಂದೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ಬೆನ್ನ ಹಿಂದಿನ ಗಾಳಿ ಸಡಿಲವಾಗುತ್ತದೆ, ಒತ್ತಿದ್ದು ಅಂಚನ್ನು ಬಳಸಿ ಹಿಂದಕ್ಕೆ ಹರಿದು ಸಡಿಲಾದದ್ದನ್ನು ತುಂಬಿಬಿಡುತ್ತದೆ. ಹುಟ್ಟಿದ ಕಡೆಯಲ್ಲೇ ದನಿ ತನ್ನನ್ನು ತಾನು ಅಳಿಸಿಕೊಳ್ಳುತ್ತದೆ. ಇಷ್ಟು ಶ್ರಮ, ಇಷ್ಟು ಅಲುಗಾಟ, ಆದರೂ ಮೌನ. ಅದನ್ನು ನೋಡುತ್ತ ಕೂತಷ್ಟು ಹೊತ್ತು, ಈ ಎರಡು ಉಸಿರುಗಳನ್ನು ಒಂದರಿಂದೊಂದು ಬೇರೆಯಾಗಿ ಕಾಯುವ ಒಂದು ಗೋಡೆಯಷ್ಟೇ ಬೇಕು ಎಂಬುದು ನನಗೆ ನಂಬಲಾರದಷ್ಟು ಸರಳವಾಗಿ ತೋರಿತು.

ಗುಜರಿಗೆ ಹೋಗಲಿದ್ದ ಹಳೆಯ ಕಾರಿನಿಂದ ಉಳಿದದ್ದು 10 ಇಂಚಿನ ಜೋಡಿ. ಗೋಡೆ ಕಟ್ಟಲು 18 ಮಿಲಿಮೀಟರ್ ದಪ್ಪದ ಪ್ಲೈವುಡ್. ಬೀದಿಯ ಕೊನೆಯ ಆಚಾರ್ರು ಹಲಗೆಗಳನ್ನು ಅಳತೆಗೆ ಕೊಯ್ದು, ಜಿಗ್‌ಸಾದಿಂದ ಎರಡು ವೃತ್ತ ತೆಗೆದು, ಮರದ ಹುಡಿಯನ್ನು ಊದಿ, "ಇದರೊಳಗೆ ಏನಿಡ್ತೀರ ಸ್ವಾಮಿ?" ಎಂದು ಕೇಳಿದರು. "ಗಾಳಿ, ಆಚಾರ್ರೇ" ಎಂದೆ. ಅವರು ನಗಲಿಲ್ಲ. ಫೆವಿಕಾಲ್ ಹಚ್ಚಿ ಬಿಗಿದ ಮೂಲೆಗಳ ಮೇಲೆ ಹೆಬ್ಬೆರಳಾಡಿಸಿ, ಸಂದು ಇದ್ದಲ್ಲೆಲ್ಲ ಮರದ ಹುಡಿಯನ್ನೇ ಅಂಟಿನಲ್ಲಿ ಕಲಸಿ ತುಂಬಿ, ಬತ್ತಿ ಹಚ್ಚಿದ ದೇವರ ಮುಂದೆ ನಿಲ್ಲುವಷ್ಟು ನಿಗಾದಿಂದ ಒಳಬದಿಯನ್ನು ನೋಡಿದರು. ಮುಚ್ಚಿದ ಮೇಲೆ ಯಾರೂ ಕಾಣದ ಆ ಒಳಬದಿಯಲ್ಲೇ ಕೆಲಸ ಇರುವುದು. ಕೂದಲೆಳೆಯಷ್ಟು ಬಿರುಕಿದ್ದರೂ ಮಂದ್ರದ ಹೊತ್ತಿಗೆ ಅಲ್ಲಿಂದ ಸಿಳ್ಳು ಬರುತ್ತದೆ.

ಸುಮಾರು 60 ಲೀಟರ್ ಗಾಳಿ, ಅಂದರೆ ಕುಡಿಯುವ ನೀರಿನ ಮೂರು ದೊಡ್ಡ ಕ್ಯಾನುಗಳಷ್ಟು ಜಾಗ. ಅದು ಖಾಲಿ ಜಾಗವಲ್ಲ. ಕೋನ್ ಒಳಕ್ಕೆ ಬಂದಾಗ ಒತ್ತಿಸಿಕೊಂಡು, ಹೊರಕ್ಕೆ ಹೋದಾಗ ಹಿಂದಕ್ಕೆ ಸೆಳೆದು, ಎಲ್ಲೂ ಸವೆಯದೆ, ಎಲ್ಲೂ ತುಕ್ಕು ಹಿಡಿಯದೆ ದುಡಿಯುವ ಸ್ಪ್ರಿಂಗ್ ಅದು. ಇದನ್ನು ಮನಗಂಡು ಬಳಸಿದವರು ಅಮೆರಿಕದ ಎಡ್ಗರ್ ವಿಲ್ಚರ್. ಅಲ್ಲಿಯವರೆಗೆ ಆಳದ ದನಿ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು, ಕೋನನ್ನು ಅದರ ಬಟ್ಟೆಯ ಬಿಗಿತವೇ ಹಿಡಿದಿರುತ್ತಿತ್ತು. ವಿಲ್ಚರ್ ಆ ಬಿಗಿತವನ್ನು ಬಹುಮಟ್ಟಿಗೆ ಸಡಿಲಿಸಿ, ಚಿಕ್ಕ ಡಬ್ಬವನ್ನು ಗಾಳಿಯಾಡದಂತೆ ಮುಚ್ಚಿ, ಆ ಹೊಣೆಯನ್ನು ಒಳಗಿನ ಗಾಳಿಗೇ ಒಪ್ಪಿಸಿದರು. 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಸೇರಿ ಅವರು ಕಟ್ಟಿದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಮೊದಲ ಸ್ಪೀಕರ್ ಇದೇ ತತ್ತ್ವದ್ದು. ಕಣ್ಣಿಗೆ ಕಾಣದ್ದನ್ನು ಅಷ್ಟು ನಂಬಿದ ಆ ಮನಸ್ಸಿಗೆ ನಾನು ಕೈಮುಗಿಯುತ್ತೇನೆ.

ಇನ್ನೂ ಒಂದು ಗುಟ್ಟು ಆ ಗಾಳಿಯಲ್ಲಿದೆ. ಒತ್ತಿದಾಗ ಅದು ತುಸು ಬಿಸಿಯಾಗುತ್ತದೆ, ಬಿಟ್ಟಾಗ ತಂಪಾಗುತ್ತದೆ, ಒಂದೇ ಸೆಕೆಂಡಿನಲ್ಲಿ ಹತ್ತಾರು ಬಾರಿ. ಹಳೆಯ ದಿಂಬಿನ ಪಾಲಿಯೆಸ್ಟರ್ ಎಳೆಗಳನ್ನು ಹಗುರಾಗಿ ಬಿಡಿಸಿ ಒಳಗೆ ತುಂಬಿದರೆ, ಆ ಎಳೆಗಳು ಬಿಸಿಯನ್ನು ಹೀರಿ ಮರುಕ್ಷಣ ಹಿಂದಿರುಗಿಸುತ್ತವೆ, ಗಾಳಿಯ ಬಿಗುವು ಕರಗುತ್ತದೆ, ತನ್ನೊಳಗೆ ವಸ್ತು ತುಂಬಿಸಿಕೊಂಡ ಡಬ್ಬ ಸ್ಪೀಕರಿಗೆ ಮೊದಲಿಗಿಂತ ದೊಡ್ಡದಾದಂತೆ ತೋರುತ್ತದೆ. ತುಂಬಿದರೆ ಹಿಗ್ಗುವ ಕೋಣೆ!

ಕಾರಿನ ಸ್ಪೀಕರುಗಳು ಬಹುಪಾಲು 4 ಓಮಿನವು, ಮನೆಯ ಆಂಪ್ಲಿಫೈಯರುಗಳಿಗೆ ಹೆಚ್ಚಾಗಿ 8 ಓಮ್ ಹಿತ. ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿದರೆ ಲೆಕ್ಕ ಕೂಡುತ್ತದೆ. ಆದರೆ ಒಂದರ ತಂತಿ ಅದಲುಬದಲಾದರೆ ಒಂದು ಮುಂದೆ, ಇನ್ನೊಂದು ಹಿಂದೆ ಸರಿದು, ಡಬ್ಬ ಕಟ್ಟಿಯೂ ಮತ್ತದೇ ಮೌನ. ಅದಕ್ಕೇ 1.5 ವೋಲ್ಟಿನ ಗಡಿಯಾರದ ಸೆಲ್ ಒಂದನ್ನು ತಂತಿಗಳಿಗೆ ಮುಟ್ಟಿಸಿ ನೋಡಬೇಕು: ಸರಿಯಿದ್ದರೆ ಎರಡೂ ಕೋನುಗಳು ಒಟ್ಟಿಗೆ ಹೊರಕ್ಕೆ ನೆಗೆಯುತ್ತವೆ. ಪುಟ್ಟದೊಂದು 'ಟಪ್'. ವರ್ಷಗಟ್ಟಲೆ ಧೂಳು ಕುಡಿದಿದ್ದ ಕಾಗದವೂ ತಾಮ್ರವೂ ಕರೆದೊಡನೆ ಓಗೊಟ್ಟ ಆ ಸದ್ದು ನನಗೆ ಯಾವ ಸಂಗೀತಕ್ಕೂ ಕಡಿಮೆಯದಾಗಿ ಕೇಳಲಿಲ್ಲ.

ಮೊದಲು ಹಚ್ಚಿದ್ದು ಮೃದಂಗದ ತನಿ. ಬಲಭಾಗದ ಕಪ್ಪು ಕರಣೆ ವಾದ್ಯದ ಸ್ವರಗಳನ್ನು ಹೇಗೆ ಸಾಲಾಗಿ ನಿಲ್ಲಿಸುತ್ತದೆ ಎಂದು ಸಿ. ವಿ. ರಾಮನ್ ಶೋಧಿಸಿದ್ದರು, 1934ರಲ್ಲಿ, ಬೆಂಗಳೂರಿನಲ್ಲಿದ್ದ ದಿನಗಳಲ್ಲಿ, ನಮ್ಮ ಚರ್ಮವಾದ್ಯಗಳ ಕುರಿತು ಅವರು ಬರೆದ ಪ್ರಬಂಧವಿದೆ. ಎಡಭಾಗಕ್ಕೆ ವಾದಕರು ಕಛೇರಿಗೆ ಮುನ್ನ ಮೆತ್ತುವುದು ಒದ್ದೆ ರವೆಯನ್ನು: ತೂಕ ಹೆಚ್ಚಿದಂತೆ ಚರ್ಮ ನಿಧಾನಿಸುತ್ತದೆ, ದನಿ ಕೆಳಗಿಳಿಯುತ್ತದೆ. ಸ್ಪೀಕರಿನ ಭಾರವಾದ ಕೋನ್ ಮಂದ್ರಕ್ಕಿಳಿಯುವುದೂ ಅದೇ ನಿಯಮಕ್ಕೆ ತಲೆಬಾಗಿ.

ಆ ಗುಮಕಿ ಬಂದಾಗ ಅದು ಎಲ್ಲಿಂದ ಬಂತೆಂದು ಕಿವಿಗೆ ತಿಳಿಯಲಿಲ್ಲ. ಸೆಕೆಂಡಿಗೆ 80 ಕಂಪನಗಳಿಗಿಂತ ಕೆಳಗಿನ ದನಿಯ ದಿಕ್ಕನ್ನು ಕೋಣೆಯೊಳಗೆ ನಾವು ಹೆಚ್ಚುಕಡಿಮೆ ಗುರುತಿಸಲಾರೆವು. ಡಬ್ಬ ಮೂಲೆಯಲ್ಲಿರುತ್ತದೆ, ದನಿ ಎಲ್ಲೆಡೆಯಿರುತ್ತದೆ. 40 ಕಂಪನಗಳ ಒಂದು ಅಲೆಯ ಉದ್ದ ಸುಮಾರು 8.5 ಮೀಟರ್, ನಮ್ಮ 14 ಅಡಿಯ ಹಾಲಿನ ಎರಡರಷ್ಟು. ಕಾರಿನ ಪುಟ್ಟ ಒಡಲಲ್ಲಿ ಇಂಥ ಅಲೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಇಡೀ ಗಾಳಿಯನ್ನೇ ಒಮ್ಮೆಗೆ ಅದುಮುತ್ತದೆ, ಅಲ್ಲಿ ಗುಡುಗುವುದು ಅದಕ್ಕೇ. ಮನೆಯಲ್ಲಿ ಅದು ಗೋಡೆಯಿಂದ ಗೋಡೆಗೆ ಮರಳಿ, ಬಾಗಿಲ ಬಳಿ ತುಂಬಿ ನಿಂತು, ಹಾಲಿನ ನಟ್ಟನಡುವೆ ಇಲ್ಲವಾಗುತ್ತದೆ. ಒಂದೇ ಸ್ವರದೊಳಗೆ ಹೀಗೆ ನಡೆದಾಡಬಹುದು, ಅದರ ತುಂಬನ್ನೂ ಬರಿದನ್ನೂ ಹೆಜ್ಜೆಯಲ್ಲಿ ಅಳೆಯಬಹುದು.

ಇದಕ್ಕೂ ಕೆಳಗೆ, 20ರ ಆಚೆ, ನಮ್ಮ ಕಿವಿ ಬಾಗಿಲು ಹಾಕಿಕೊಳ್ಳುತ್ತದೆ. ನನ್ನ ಡಬ್ಬ ಅಷ್ಟು ಆಳಕ್ಕೆ ಇಳಿಯಲಾರದು. ಲೋಕ ಇಳಿಯುತ್ತದೆ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿಯಿದ್ದ ಸಂಶೋಧಕಿ ಕೇಟಿ ಪೇನ್ ಅವರಿಗೆ ಕಿವಿಗೇನೂ ಕೇಳದೆ ಗಾಳಿ ಮಾತ್ರ ಮಿಡಿದಂತಾಯಿತು. ಹಿಂದೊಮ್ಮೆ ಚರ್ಚಿನ ಗಾಯನವೃಂದದಲ್ಲಿ, ದೊಡ್ಡ ಪೈಪ್ ಆರ್ಗನ್ನಿನ ಪಕ್ಕ ನಿಂತಾಗ ಆದ ನಡುಕ ನೆನಪಾಯಿತು. ಆಮೇಲೆ ಅವರೂ ಸಂಗಡಿಗರೂ ಆ ಮೌನವನ್ನು ಟೇಪಿನಲ್ಲಿ ಹಿಡಿದು ವೇಗವಾಗಿ ತಿರುಗಿಸಿದಾಗ ಆನೆಗಳ ಮಾತು ಹೊರಬಿತ್ತು, ಸೆಕೆಂಡಿಗೆ 14ರಿಂದ 24 ಕಂಪನಗಳ ಆಸುಪಾಸಿನಲ್ಲಿ. ಬಂಡೀಪುರದಲ್ಲಿ, ನಾಗರಹೊಳೆಯಲ್ಲಿ, ಬಿದಿರಮೆಳೆಯಾಚೆ ನಿಂತ ಆನೆ ಸುಮ್ಮನಿದೆ ಎಂದು ನಾವು ಎಷ್ಟು ತಲೆಮಾರು ತಿಳಿದಿದ್ದೆವೋ!

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ನಿಮ್ಮೂರಿನ ಗುಜರಿಯಲ್ಲೋ ಇಂಥ ಹಳೆಯ ಸ್ಪೀಕರ್ ಕಂಡರೆ, ಎರಡೂ ಕೈಬೆರಳುಗಳನ್ನು ಕೋನಿನ ಮೇಲೆ ಸಮನಾಗಿಟ್ಟು ಮೆಲ್ಲಗೆ ಒತ್ತಿ ನೋಡಿ. ಒಳಗೆ ಕೆರೆದ ಸದ್ದಿಲ್ಲದೆ ನುಣುಪಾಗಿ ಮರಳಿ ಬಂದರೆ ಅದಕ್ಕೆ ಇನ್ನೂ ಜೀವವಿದೆ, ಬಿಡಬೇಡಿ. ಅಯಸ್ಕಾಂತ ಕಾರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಹಾಳಾಗುವುದು ಹೆಚ್ಚಾಗಿ ಫೋಮಿನ ಅಂಚು, ಅದನ್ನು ಹೊಸದಾಗಿ ಅಂಟಿಸಬಹುದು.